ಮುಚ್ಚಬಾರದ ಕಿಂಡಿ

"ಬಚ್ಚಲುಮನೆ ಕಿಂಡಿ ಬಗ್ಗೆ ಇದ್ರಲ್ಲಿ ಒಂದು ಮಾತೂ ಇಲ್ವಲ್ಲ ಮೇಡಂ?"

ಸಭಾಂಗಣದ ಕೊನೆಯ ಸಾಲಿನಿಂದ ಬಂತು ಆ ದನಿ. ಅಷ್ಟೇ! ಮೈಕಿನ ಮುಂದೆ ನಿಂತಿದ್ದ ಅವಳ ಎದೆ ಧಸಕ್ಕೆಂದಿತು.

ಒಂದು ಕಾಲಕ್ಕೆ ಆ ದನಿ ಕೇಳದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಹೋದ ಚಳಿಗಾಲದಿಂದ ಈಚೆಗೆ ಅದು ಕನಸಿನಲ್ಲಿ ಕೇಳಿದರೂ ಬೆಚ್ಚಿ ಎದ್ದು ಕೂರುತ್ತಿದ್ದಳು.

ಅವನು! ಇಲ್ಲಿಗೆ ಯಾಕೆ ಬಂದ? ಯಾವ ಮುಖ ಹೊತ್ತುಕೊಂಡು ಬಂದ?

ಅದು ನಗರಸಭೆಯ ಅಹವಾಲು ಸಭೆ. ಕಟ್ಟಡಗಳಿಗೆ ನಿಯಮ ಬರೆಯಲು ನಗರಸಭೆಗಳಿಗೆ ನೆರವಾಗುವುದೇ ಅವಳ ಕೆಲಸ. ಚಳಿಗಾಲದಲ್ಲಿ ಹೀಟರಿನ ಬಿಸಿ, ಬೇಸಿಗೆಯಲ್ಲಿ ಏಸಿಯ ತಂಪು, ಎರಡೂ ಕಿಟಕಿ ಬಾಗಿಲುಗಳ ಸಂದಿಯಿಂದ ಸೋರಿಹೋಗುತ್ತವಲ್ಲ, ಆ ಸೋರಿಕೆಗೆ ಒಂದು ಮಿತಿ ಹಾಕುವ ನಿಯಮ ಇದು. ಮಿತಿ ಮೀರಿದ ಮನೆಗೆ ಒಪ್ಪಿಗೆ ಇಲ್ಲ. ಮಧ್ಯಾಹ್ನ ಸದಸ್ಯರು ಕೈ ಎತ್ತಿಬಿಟ್ಟರೆ ಊರಿಗೆಲ್ಲ ಕಾನೂನು!

ಅವಳು ನಿಯಮದ ಕರಡಿನ ಪುಟ ತಿರುಗಿಸಿ ಬೆರಳಿಟ್ಟಳು.

"ಸೋರಿಕೆ ಪರೀಕ್ಷೆ ಮಾಡುವಾಗ ಹಚ್ಚಿದ ಟೇಪ್ ತೆಗೆಯೋದು ಮರೆತ ಪರೀಕ್ಷಕರ ಲೈಸೆನ್ಸ್ ರದ್ದು ಅಂತ ಸ್ಪಷ್ಟವಾಗಿ ಬರೆದಿದ್ದೀನಿ. ಅದು ಯಾಕೆ ಬೇಕಾಯ್ತು ಅಂತ... ನಿಮಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕು!"

ಸಭೆ ತಿರುಗಿ ನೋಡಿತು. 'ಓ, ಇವನೇನಾ ಅವನು' ಎಂಬ ಪಿಸುಮಾತು ಸಾಲಿನಿಂದ ಸಾಲಿಗೆ ಹರಿಯಿತು. ಅವನು ಕುಗ್ಗಲಿಲ್ಲ.

"ಮರೆತವರಿಗೆ ಶಿಕ್ಷೆ ಕೊಡಿ, ಬೇಡ ಅನ್ನಲ್ಲ. ಆದ್ರೆ ಮನೆಯವರೇ ಮುಚ್ಚಿಕೊಂಡ್ರೆ?"

"ತಮ್ಮ ಉಸಿರು ತಾವೇ ಯಾರು ರೀ ಕಟ್ಟಿಕೊಳ್ತಾರೆ?"

ಅವನು ತಲೆ ತಗ್ಗಿಸಿದ. ಅಧ್ಯಕ್ಷರು ಗಡಿಯಾರ ನೋಡಿ, ಚಹಾ ಆಗಲಿ ಅಂದರು.

ಅವಳು ಮೈಕ್ ಆರಿಸಿ ಕೆಳಗಿಳಿದಳು. ಹಳೆಯದೆಲ್ಲ ಕಣ್ಣ ಮುಂದೆ ಬಂತು...

ಅವಳ ತಾಯಿ ಸತ್ತ ಮೇಲೆ ಸಾಕಿದವಳು ಚಿಕ್ಕಮ್ಮ. ಮದುವೆ ಗಿದುವೆ ಎಲ್ಲ ಬದಿಗಿಟ್ಟು, ಹೊಲಿಗೆ ಮಿಷನ್ ತುಳಿದು, ಅಕ್ಕನ ಮಗಳನ್ನು ಓದಿಸಿದ ಹೆಂಗಸು. ಈ ಸೋರಿಕೆಯ ಮಿತಿ ಹಳೇ ಮನೆಗಳಲ್ಲಿ ಸಾಧ್ಯವಾ ಅಂತ ನಗರಸಭೆ ಕೇಳಿದಾಗ, ಒಂದು ಮನೆ ಸರಿಮಾಡಿ ತೋರಿಸಬೇಕಾಯಿತು. ಯಾರೂ ಮನೆ ಕೊಡಲಿಲ್ಲ. ಚಿಕ್ಕಮ್ಮ ಕೊಟ್ಟಳು.

"ನನ್ನ ಮನೆ ಮೇಲೇ ಮಾಡು ಕೂಸೇ. ಹೇಗೂ ಚಳೀಲಿ ಸಾಯ್ತಿದ್ದೀನಿ!" ಎಂದು ನಕ್ಕಿದ್ದಳು. ಅಯ್ಯೋ, ಆ ಮಾತು!

ಆಗ ಬಂದವನು ಇವನು. ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ, ಮನೆಯ ಗಾಳಿ ಹೊರಗೆಳೆದು, ಎಲ್ಲೆಲ್ಲಿ ಸೋರುತ್ತೆ ಅಂತ ಅಳೆಯುವವನು. ಚಿಕ್ಕಮ್ಮ ಅವನಿಗೆ 'ಗಾಳಿರಾಯ' ಅಂತ ಹೆಸರಿಟ್ಟಳು. ಗಾಳಿರಾಯ ಒಂದು ದಿನದ ಕೆಲಸಕ್ಕೆ ವಾರಗಟ್ಟಲೆ ಬರತೊಡಗಿದಾಗ, "ಸಂದಿ ನೋಡೋಕೆ ಬರ್ತಾನೋ, ಸಂದಿಯಿಂದ ನಿನ್ನ ನೋಡೋಕೆ ಬರ್ತಾನೋ?" ಎಂದು ಅವಳ ಕೆನ್ನೆ ಹಿಂಡಿದ್ದಳು. ಮದುವೆಯ ಮಾತೂ ಆಗಿತ್ತು. ಎಲ್ಲ ಸರಿಹೋಗುತ್ತಿತ್ತು...

ಅಧಿಕಾರಿಗಳ ಎದುರಿಗೆ ಸೋರಿಕೆ ಅಳೆದು ತೋರಿಸಬೇಕಿದ್ದ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಒಡೆಯಬೇಕಾಯಿತು. ಒಳಗೆ ಗ್ಯಾಸ್ ಗೀಸರ್ ಉರಿಯುತ್ತಲೇ ಇತ್ತು. ಗೋಡೆಯ ಗಾಳಿಕಿಂಡಿಗೆ ಅವನ ನೀಲಿ ಟೇಪು. ಹೊರಹೋಗಲು ದಾರಿಯಿಲ್ಲದ ವಿಷಗಾಳಿ ಚಿಕ್ಕಮ್ಮನನ್ನು ಕೂತಲ್ಲೇ ಮಲಗಿಸಿತ್ತು.

ವಿಚಾರಣೆಯಲ್ಲಿ ಅವನು ಒಂದೇ ಮಾತು ಹೇಳಿದ: "ತೆಗೆಯೋದು ಮರೆತೆ."

ಹೆಣದ ಮುಂದೆಯೇ ಅವನ ಕೆನ್ನೆಗೆ ಬಾರಿಸಿದ್ದಳು ಅವಳು. "ನನ್ನ ಅಮ್ಮನ್ನ ಕೊಂದ್ಬಿಟ್ಟೆ! ಇನ್ನು ನಿನ್ನ ಮುಖ ನನಗೆ ತೋರಿಸಬೇಡ!" ಅವನು ತೋರಿಸಲೂ ಇಲ್ಲ. ಲೈಸೆನ್ಸ್ ಹೋಯಿತು. ಯಾವುದೋ ಕಿಟಕಿ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಾನಂತೆ ಎಂದು ಯಾರೋ ಹೇಳಿದ್ದರು. ಅವಳು ಕೇಳಿಸಿಕೊಂಡೂ ಕೇಳದವಳ ಹಾಗೆ ಇದ್ದಳು.

ಈಗ ಅವನು ಕಾರಿಡಾರಿನ ಕೊನೆಯಲ್ಲಿ, ನೀರಿನ ಫಿಲ್ಟರಿನ ಪಕ್ಕ ನಿಂತಿದ್ದ. ಸೊರಗಿದ್ದ. ಬೆರಳುಗಳ ತುಂಬ ಗಾಜಿನ ಗೀರು. ಅವಳು ನೇರ ಹೋಗಿ ಎದುರಿಗೆ ನಿಂತಳು.

"ಯಾಕೆ ಬಂದೆ? ಇರೋ ಗಾಯಕ್ಕೆ ಉಪ್ಪು ಸವರೋಕಾ?"

"ಆ ಕರಡು ಹಾಗೇ ಪಾಸ್ ಮಾಡ್ಬೇಡ. ಕೈ ಮುಗೀತೀನಿ."

"ನಿನ್ನಂಥವರಿಗೆ ಶಿಕ್ಷೆ ಆಗುತ್ತೆ ಅಂತ ಭಯಾನಾ?"

"ಇನ್ನೊಂದು ಮನೇಲಿ ಇನ್ನೊಬ್ಬ ಚಿಕ್ಕಮ್ಮ ಸಾಯ್ತಾಳೆ ಅಂತ ಭಯ."

"ಚಿಕ್ಕಮ್ಮನ ಹೆಸರೆತ್ತಬೇಡ ನೀನು!"

ಅವನು ಕಣ್ಣು ಮುಚ್ಚಿದ. ನುಂಗಲಾರದ್ದನ್ನು ಇಷ್ಟು ದಿನ ನುಂಗಿಕೊಂಡು ಬಂದವನು. ಇನ್ನು ಆಗಲಿಲ್ಲ.

"ನಾನು ಮರೆತಿರ್ಲಿಲ್ಲ ಕಣೇ."

"...ಏನು?"

"ಹಿಂದಿನ ದಿನ, ಬೇರೆ ಎಲ್ಲೆಲ್ಲಿ ಸೋರುತ್ತೆ ಅಂತ ನೋಡೋಕೆ ಆ ಕಿಂಡಿ ಮುಚ್ಚಿದ್ದೆ, ನಿಜ. ಆಮೇಲೆ ನನ್ನ ಕೈಯಾರೆ ಕಿತ್ತು ಬಿಸಾಕಿದೆ. ಕಿತ್ತ ಮೇಲೆ ಸೋರಿಕೆಯ ನಂಬರ್ ಮಿತಿಗಿಂತ ಸ್ವಲ್ಪ ಮೇಲೇ ನಿಂತ್ಬಿಡ್ತು. ಚಿಕ್ಕಮ್ಮ ಪಕ್ಕದಲ್ಲೇ ನಿಂತು ನೋಡ್ತಿದ್ರು. 'ಗಾಳಿರಾಯಾ, ಆ ಕಿಂಡಿ ಮುಚ್ಚೇ ಇದ್ರೆ ಪಾಸಾ?' ಅಂದ್ರು. ನಾನು ನಗ್ತಾ... 'ಮುಚ್ಚಿದ್ರೆ ಫಸ್ಟ್ ಕ್ಲಾಸ್ ಅಮ್ಮಾ' ಅಂದ್ಬಿಟ್ಟೆ."

"ಆಮೇಲೆ?" ಅಂದಳು ಅವಳು.

"ಆದ್ರೆ ಅದು ಮುಚ್ಚೋ ಕಿಂಡಿ ಅಲ್ಲ ಅಂತ ಹೇಳ್ಲಿಲ್ಲ. ಅಷ್ಟೂ ಗೊತ್ತಿರಲ್ವಾ ಅಂದ್ಕೊಂಡೆ. ಹೊರಡೋವಾಗ, ಟ್ರಂಕಿನ ಮುಚ್ಚಳ ಒಡೆದಿದೆ, ಒಂಚೂರು ಟೇಪ್ ಕೊಡಪ್ಪಾ ಅಂದ್ರು. ಕೊಟ್ಟೆ... ನಾನೇ ಕೊಟ್ಟೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಇಲ್ಲಿ ಆಡದೆ ಬಿಟ್ಟ ಮಾತು ಒಂದು ಜೀವವನ್ನೇ ತೆಗೆದಿತ್ತು.

ಸುಳ್ಳು! ಸುಳ್ಳು ಹೇಳ್ತಿದ್ದಾನೆ! ಅವಳ ಮನಸ್ಸು ಚೀರಿತು. ಆದರೆ ಅದೇ ಮನಸ್ಸು ಸಾವಿನ ಹಿಂದಿನ ಸಂಜೆಯ ಫೋನನ್ನೂ ಎತ್ತಿಕೊಂಡಿತು. ಆಫೀಸಿನ ಮೆಟ್ಟಿಲ ಮೇಲೆ ನಿಂತು ಅತ್ತುಕೊಂಡು ಆಡಿದ ಮಾತು... 'ನಾಳೆ ನಂಬರ್ ಬರ್ಲಿಲ್ಲ ಅಂದ್ರೆ ನನ್ನ ಕಥೆ ಮುಗೀತು ಚಿಕ್ಕಮ್ಮಾ. ಇಷ್ಟು ವರ್ಷದ ಕೆಲಸ ನೀರಲ್ಲಿ ಹೋಮ!'

ಆ ಕಡೆಯಿಂದ ಚಿಕ್ಕಮ್ಮ ಎಷ್ಟು ನಿರಾಳವಾಗಿ ಅಂದಿದ್ದಳು! 'ಬರುತ್ತೆ ಬಿಡು ಕೂಸೇ. ನಾನಿಲ್ವಾ?'

ಸ್ಟೂಲ್ ಹಾಕಿಕೊಂಡು ಹತ್ತಿ ಮುಚ್ಚಿರಬೇಕು. ಆ ಮಂಡಿನೋವಿನಲ್ಲಿ. ತಾನು ಸಾಕಿದ ಮಗಳ ನಂಬರಿಗಾಗಿ.

"ನನಗೋಸ್ಕರ..." ಅವಳು ಕುಸಿದು ಅಲ್ಲೇ ನೆಲದ ಮೇಲೆ ಕೂತಳು. "ನನ್ನಿಂದ ಸತ್ತಳು. ಊರಿಗೆ ಉಪಕಾರಿ, ಮನೆಗೆ ಮಾರಿ ಆದೆ ನಾನು!"

ಅವನು ಎದುರಿಗೆ ಕೂತ. ಮುಟ್ಟಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡ.

"ಇದಕ್ಕೇ ಹೇಳಿರ್ಲಿಲ್ಲ. ನನ್ನ ದ್ವೇಷಿಸಿಕೊಂಡಾದ್ರೂ ನೀನು ಬದುಕ್ತೀಯ ಅಂದ್ಕೊಂಡೆ. ನಿನ್ನನ್ನೇ ನೀನು ದ್ವೇಷಿಸೋಕೆ ಶುರು ಮಾಡಿದ್ರೆ...? ಆದ್ರೆ ಮೊನ್ನೆ ಈ ಕರಡು ಓದಿದೆ. ಟೇಪ್ ಮರೆತವನಿಗೆ ಶಿಕ್ಷೆ, ಅಷ್ಟೇ. ನನ್ನ ಸುಳ್ಳಿನ ಮೇಲೆ ನೀನು ಕಾನೂನು ಕಟ್ಟಿದ್ದೆ. ಚಳಿಗೆ, ಪಾಸಾಗೋ ಆಸೆಗೆ, ಜನ ತಾವೇ ಮುಚ್ಚಿಕೊಳ್ತಾರೆ. ಇನ್ನು ಹೇಗೆ ಬಾಯಿ ಮುಚ್ಚಿಕೊಂಡಿರ್ಲಿ ಹೇಳು?"

ಅವಳು ಅತ್ತಳು. ಸದ್ದು ಮಾಡದೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಚಹಾ ಮುಗಿದ ಗಂಟೆ ಹೊಡೆಯಿತು. ಎದ್ದಳು, ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು.

"ಎಲ್ಲಿಗೆ?" ಅವನು ಗಾಬರಿಯಾದ.

"ಒಳಗೆ."

ಮೈಕಿನ ಮುಂದೆ ನಿಂತಾಗ ಅವಳ ಸಂಸ್ಥೆಯ ನಿರ್ದೇಶಕರು ಮೊದಲ ಸಾಲಿನಲ್ಲಿ ನಗುತ್ತಿದ್ದರು. ಇನ್ನೇನು, ಗೆದ್ದೆವು ಎಂಬ ನಗು.

"ಈ ಕರಡು ತಪ್ಪು. ಬರೆದವಳು ನಾನೇ, ಅದಕ್ಕೇ ಹೇಳ್ತಿದ್ದೀನಿ," ಅಂದಳು. "ನನ್ನ ಚಿಕ್ಕಮ್ಮನ ಸಾವಿಗೆ ಪರೀಕ್ಷಕರು ಕಾರಣ ಅಲ್ಲ. ಅವಳೇ ಕಿಂಡಿ ಮುಚ್ಚಿಕೊಂಡಳು, ನನ್ನ ಕೆಲಸ ಉಳೀಲಿ ಅಂತ. ಇಂಥ ನಂಬರ್ ತನ್ನಿ ಅಂತ ಮಾತ್ರ ಕೇಳಿದ್ರೆ ಜನ ಹೇಗಾದ್ರೂ ತರ್ತಾರೆ. ಆದ್ದರಿಂದ ಮೊದಲು ಉರಿಯೋ ಗೀಸರನ್ನ ಬಚ್ಚಲಿನಿಂದ ಹೊರಗೆ ಹಾಕಿಸಿ. ಮುಚ್ಚೋಕೇ ಬಾರದಂಥ ಕಿಂಡಿ ಇಡಿಸಿ. ಆಮೇಲೆ ಸಂದಿ ಮುಚ್ಚೋ ಮಾತು. ಅಲ್ಲೀತನಕ ದಯವಿಟ್ಟು ಯಾರೂ ಕೈ ಎತ್ತಬೇಡಿ."

ಅಬ್ಬಬ್ಬಾ, ಆಮೇಲಿನ ಗದ್ದಲ! ಬಿಲ್ಡರುಗಳ ಮುಖಂಡ ಎದ್ದು, ಗೀಸರ್ ಹೊರಗೆ ಹಾಕೋ ಖರ್ಚು ಯಾರು ಕೊಡ್ತಾರೆ, ಇದೇನು ಮಕ್ಕಳಾಟಾನಾ ಎಂದು ಕೂಗಾಡಿದ. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಧ್ಯಕ್ಷರು ಕರಡನ್ನು ತಿದ್ದುಪಡಿಗೆ ವಾಪಸ್ ಕಳಿಸಿದರು. ಇನ್ನೊಂದು ಚಳಿಗಾಲ ಹೀಗೇ ಕಳೆಯಬೇಕು. ಗೀಸರಿನ ಮಾತು ಒಳಗೆ ಸೇರುತ್ತೋ, ಬಿಲ್ಡರುಗಳು ಸೇರಲು ಬಿಡುತ್ತಾರೋ, ಯಾರಿಗೆ ಗೊತ್ತು!

ನಿರ್ದೇಶಕರು ಹತ್ತಿರ ಬಂದು, "ನಾಳೆಯಿಂದ ಈ ಕೆಲಸ ಬೇರೆಯವರು ನೋಡ್ಕೊಳ್ತಾರೆ," ಎಂದಷ್ಟೇ ಹೇಳಿ ಹೊರಟುಹೋದರು. ಅವಳು ಸರಿ ಸಾರ್ ಅಂದಳು.

ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ ಬಂದು ಕೂತಳು. ತಣ್ಣನೆ ಗಾಳಿ. ಅವನು ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

"ಅಷ್ಟು ಜನರ ಮುಂದೆ ಹೇಳ್ಬೇಕಿತ್ತಾ? ಕೆಲಸ ಕಳ್ಕೊಂಡೆಯಲ್ಲ..."

"ನೀನು ಕಳ್ಕೊಂಡಿರಲಿಲ್ವಾ?"

ಅವನು ಬೆರಳಿನ ಗೀರುಗಳನ್ನು ಸವರಿಕೊಂಡ.

"ನನ್ನ ಮೇಲೆ ಕೋಪ ಇಲ್ವಾ ನಿನಗೆ?" ಅವಳೇ ಕೇಳಿದಳು.

"ಇದೆ. ಬೇಕಾದಷ್ಟಿದೆ! ಹೊಡೆದದ್ದಕ್ಕಲ್ಲ... 'ನಿಜವಾಗ್ಲೂ ಮರೆತೆಯಾ?' ಅಂತ ಒಂದೇ ಒಂದು ಸಲ ಬಂದು ಕೇಳ್ಲಿಲ್ವಲ್ಲ ಅಂತ."

"ಕೇಳಿದ್ರೆ ಹೇಳ್ತಿದ್ದೆಯಾ?"

"ಇಲ್ಲ," ಅಂದ. "ಆದ್ರೂ ಕೇಳ್ಬೇಕಿತ್ತು ನೀನು."

ಅವಳು ಗೀರು ಬಿದ್ದ ಅವನ ಕೈಯನ್ನು ಎತ್ತಿಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. "ತಪ್ಪಾಯ್ತು ಕಣೋ... ತಪ್ಪಾಯ್ತು..."

"ಅಯ್ಯೋ, ನಿನ್ನ ಕೈ ಮಂಜುಗಡ್ಡೆ ಆಗಿದೆಯಲ್ಲೇ! ಮನೇಲಿ ಹೀಟರ್ ಇಲ್ವಾ?"

"ಇದೆ. ಏನು ಪ್ರಯೋಜನ? ಹಗಲೂ ರಾತ್ರಿ ಎಲ್ಲಾ ಕಿಟಕಿ ತೆಗೆದೇ ಇಟ್ಟಿರ್ತೀನಿ." ಅವಳು ನಗಲು ನೋಡಿದಳು. ಅಳುವೇ ಬಂತು. "ಊರಿಗೆಲ್ಲ ಸಂದಿ ಮುಚ್ಚಿ ಅಂತ ಹೇಳೋಳು ನಾನು... ನನ್ನ ಮನೇಲಿ ಒಂದು ಕಿಟಕಿ ಮುಚ್ಚೋಕೂ ಭಯ. ಮುಚ್ಚಿದ ಕೂಡ್ಲೇ ಉಸಿರು ಕಟ್ಟುತ್ತೆ."

ಅವನು ಅವಳ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿದ. ಆಮೇಲೆ ಎದ್ದು ಕೈ ಚಾಚಿದ.

"ನಡಿ. ಯಾವುದು ಮುಚ್ಚಬಹುದು, ಯಾವುದು ಮುಚ್ಚಬಾರದು ಅಂತ ಒಂದೊಂದಾಗಿ ತೋರಿಸ್ತೀನಿ."

"ತೋರಿಸಿ ಹೊರಟುಹೋಗ್ತೀಯಾ?"

"ನೀನು ಹೋಗು ಅಂದ್ರೆ."

"ಅನ್ನಲ್ಲ," ಎಂದಳು ಅವಳು. "ಇನ್ಯಾವತ್ತೂ ಅನ್ನಲ್ಲ."