ತೌಡಯ್ಯನ ಮೊರ

ಅಟ್ಟದ ಮೇಲೆ ಮೊರ ಇರಲಿಲ್ಲ.

ಏಣಿಯ ಮೇಲಿಂದಲೇ ತೌಡಯ್ಯ ಇಲ್ಲವೆಂದು ತಲೆಯಾಡಿಸಿದ. ಅವನ ತಾಯಿ ಚಿಕ್ಕಬೋರಮ್ಮ ನಡುಮನೆಯಲ್ಲೇ ಕುಸಿದು ಕೂತರು. ಅರವತ್ತೆರಡು ವರ್ಷ ಬಟ್ಟೆ ಸುತ್ತಿ ಕಾಪಾಡಿದ್ದ ಮೊರ! ನಾಳೆ ಮೊಮ್ಮಗಳು ಶಾಲಿನಿಯ ಕೂಸಿಗೆ ನಾಮಕರಣ. ಅದಕ್ಕೆ ಮೊದಲು ಕೂಸನ್ನು ಆ ಮೊರದಲ್ಲಿ ಮಲಗಿಸಲೇಬೇಕು ಎಂದು ಮುದುಕಿ ಹಟ ಹಿಡಿದಿದ್ದರು. ಶಾಲಿನಿಯ ಹಿಂದಿನ ಎರಡು ಕೂಸುಗಳೂ ತಿಂಗಳು ತುಂಬುವ ಮೊದಲೇ ಹೋಗಿದ್ದವು.

"ನಿನ್ನಳಿಯನೇ ಸುಟ್ಟಾಕವ್ನೆ! ಮೊರ ಸಿಕ್ಕಗಂಟ ತೊಟ್ಟು ನೀರೂ ಮುಟ್ಟಕ್ಕಿಲ್ಲ ನಾನು."

ಅಳಿಯ ಯತೀಶ್ ಮಂಡ್ಯದಲ್ಲಿ ವಿಜ್ಞಾನದ ಮೇಷ್ಟ್ರು. ಆಗಲೇ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ. "ಕಳ್ಳ ಅನ್ನಿಸಿಕೊಂಡು ನಾನಿಲ್ಲಿ ಇರಲ್ಲ. ನಾಮಕರಣ ಮಂಡ್ಯದಲ್ಲೇ ಆಗಲಿ."

ತೌಡಯ್ಯ ಗೆಳೆಯ ಮರಿಯಯ್ಯನಿಗೆ ಫೋನು ಮಾಡಿದ. ಮದ್ದೂರಿನಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತನಾದ ಮರಿಯಯ್ಯ ಹಸು, ಮೋಟಾರು, ಮಾಂಗಲ್ಯದ ಸರ ಎಲ್ಲ ಹುಡುಕಿಕೊಟ್ಟಿದ್ದ, ಮೊರ ಹುಡುಕಿರಲಿಲ್ಲ. ಕುತೂಹಲ ತಡೆಯದೆ ಮುಕ್ಕಾಲು ಗಂಟೆಯಲ್ಲಿ ಕೊತ್ತತ್ತಿಯ ಆ ಮನೆ ಮುಂದೆ ಬೈಕು ನಿಲ್ಲಿಸಿದ.

ಒಳಗೆ ಬಂದವನು ಮೊದಲು ಕೂಸನ್ನು ಎತ್ತಿಕೊಂಡು ತಲೆ ಸವರಿದ. ಕುಲಾವಿಯ ಮಡಿಕೆಯಿಂದ ಏನೋ ಪುಡಿ ಬೆರಳಿಗೆ ಅಂಟಿತು. ಪೌಡರ್ ಇರಬೇಕೆಂದು ಅಂಗಿಗೆ ಒರೆಸಿಕೊಂಡು ಮುದುಕಿಯ ಎದುರು ಕೂತ.

"ಅವ್ವ, ಆ ಮೊರದಲ್ಲಿ ಅಂಥಾದ್ದೇನೈತೆ?"

"ಇವ್ನಿಗೆ ಮೊದ್ಲು ಎರಡು ಉಟ್ಟಿ ಸತ್ವು ಕಣಪ್ಪ. ಇವ್ನು ಉಟ್ಟಿದಾಗ ಮೊರದಲ್ಲಿ ಮಲಗಿಸಿ ತಿಪ್ಪೆ ಮೇಲೆ ಮಡಗ್ದೆ. ಆಚೆಮನೆ ಬೆಟ್ಟಮ್ಮನ ಅತ್ತೆ ಎತ್ಕಂಡು, ಮೊರಕ್ಕೆ ಒಂದು ಸೇರು ತೌಡು ಸುರಿದು ಇವ್ನ ಕೊಂಡ್ಕಂಡ್ಳು. ಆವತ್ತಿಂದ ಇವ್ನು ಅವ್ಳ ಮಗ. ನಾನು ಬರೀ ಸಾಕ್ದೋಳು. ತೌಡಿಗೆ ಬಾಳೋದ್ನ ಯಾವ ಜವರಾಯ ತಿರುಗಿ ನೋಡಾನು? ಅದ್ಕೇ ತೌಡಯ್ಯ ಅಂತ ಎಸ್ರು."

ಮರಿಯಯ್ಯ ಗೆಳೆಯನತ್ತ ತಿರುಗಿದ. "ಎಲೆಕ್ಸನ್ ಡ್ಯೂಟೀಲಿ ಓಟರ್ ಲಿಸ್ಟು ನೋಡಿದ್ದೆ ಕಣ್ಲಾ. ಸುತ್ತ ಏಳೂರಿಗೆ ಇಂಥ ಎಸ್ರಿರೋರು ನಾಕೇ ಜನ. ಎಲ್ರೂ ಅರವತ್ತು ದಾಟಿದೋರು."

"ಇನ್ಯಾರು ಮಡಗ್ತಾರ್ಲಾ ಇದ್ನ? ಇಸ್ಕೂಲಲ್ಲಿ ನನ್ನ ಎಮ್ಮೆ ಮುಂದೆ ನಿಲ್ಸಿ ನಗೋರು. ನನ್ನ ಜೊತೆಗೇ ಮುಗೀಲಿ ಬುಡು." ತೌಡಯ್ಯನಿಗೆ ಆ ನೋವು ಇನ್ನೂ ಹೋಗಿರಲಿಲ್ಲ.

ಮರಿಯಯ್ಯ ಯತೀಶನ ಬಳಿ ಹೋದ.

"ಮೇಷ್ಟ್ರೇ, ಮೊರ ಸುಟ್ರಾ?"

"ಇಲ್ಲ ಸಾರ್. ಇದೆಲ್ಲ ಬೇಡ ಅಂತ ಶಾಲಿನಿ ಹತ್ರ ಭಾಷೆ ತಗೊಂಡಿದ್ದೆ, ಅದು ನಿಜ. ನನ್ನ ಮಗಳು ತೌಡಿಗೆ ಬಾಳೋಳಲ್ಲ. ಆದ್ರೆ ಮೊರ ಎಲ್ಲಿತ್ತು ಅಂತ ಗೊತ್ತಾಗಿದ್ದೇ ಇವತ್ತು."

"ನೀನು ನೋಡಿದ್ಯೇನವ್ವ?"

"ಇಲ್ಲ ಮಾವ," ಎಂದಳು ಶಾಲಿನಿ. ಕಣ್ಣು ತೊಟ್ಟಿಲಿನ ಮೇಲಿತ್ತು.

"ನಿನ್ನೆ ಮನೇಲಿ ಯಾರ್ಯಾರಿದ್ರಿ?"

"ಅಪ್ಪನೂ ಇವರೂ ನೆಂಟರನ್ನ ಕರೆಯೋಕೆ ಮಳವಳ್ಳಿಗೆ ಹೋಗಿದ್ರು. ಮಧ್ಯಾಹ್ನ ಅಜ್ಜಿ ಮಲಗಿದ್ರು."

ಸುಟ್ಟ ಗುರುತೇನಾದರೂ ಇದೆಯೇ ಎಂದು ಮರಿಯಯ್ಯ ಹಿತ್ತಿಲಿಗೆ ನಡೆದ. ಕೊಟ್ಟಿಗೆಯಲ್ಲಿ ನೀರಿನ ಪೈಪುಗಳು ಬಿದ್ದಿದ್ದವು.

"ಹಸ ಎಲ್ಲಿ, ತೌಡ?"

"ಮಾರಿ ಎರಡು ವರ್ಸಾಯ್ತು."

ಮರಿಯಯ್ಯ ಗಕ್ಕನೆ ನಿಂತ. ಅಂಗಿಗೆ ಒರೆಸಿಕೊಂಡ ಪುಡಿ! ಮೂಸಿ ನೋಡಿದ. ಸೀದಾ ಒಳಗೆ ಬಂದು ಎಲ್ಲರನ್ನೂ ಕೂರಿಸಿದ.

"ಮೊರ ಸುಟ್ಟಿಲ್ಲ. ಅದ್ರ ಕೆಲಸ ಮುಗ್ದೈತೆ, ಅಷ್ಟೇ. ಕೂಸಿನ ಕುಲಾವೀಲಿ ಇದ್ದದ್ದು ಪೌಡರ್ ಅಲ್ಲ — ತೌಡು. ಹಸ ಇಲ್ದ ಮನೇಲಿ ತೌಡು ಎಲ್ಲಿಂದ ಬರ್ತದೆ? ಬೆಟ್ಟಮ್ಮನ ಮನೇಲಿ ಹಸ ಅವೆ. ಅವ್ಳು ಮೊರಕ್ಕೆ ತೌಡು ಸುರಿದು ಕೂಸ್ನ ಕೊಳ್ಳೋವಾಗ ಕುಲಾವಿಗೂ ಹಾರೈತೆ. ನಿನ್ನೆ ಮಧ್ಯಾಹ್ನ ಕೂಸ್ನ ಎತ್ಕಂಡು ಅಲ್ಲಿಗೆ ಓಗೋಕಾಗ್ತಿದ್ದದ್ದು ಒಬ್ಳೇ." ದನಿ ತಗ್ಗಿಸಿದ. "ಅಲ್ವಾ, ಶಾಲಿನಿ?"

ಶಾಲಿನಿ ಬಿಕ್ಕಿದಳು. "ಹೌದು ಮಾವ. ಇವರಿಗೆ ಭಾಷೆ ಕೊಟ್ಟಿದ್ದೆ. ಆದ್ರೆ ಎರಡು ಕೂಸನ್ನ ಮಣ್ಣಿಗೆ ಕೊಟ್ಟಿದೀನಿ. ಇದನ್ನೆಲ್ಲ ನಂಬ್ತೀನೋ ಇಲ್ವೋ, ನಂಗೇ ಗೊತ್ತಿಲ್ಲ. ಭಯ ಮಾತ್ರ ಇದೆ. ಮೊರ ಅಲ್ಲೇ ಬಿಟ್ಟು ಬಂದೆ. ಅದಿಲ್ದಿದ್ರೆ ನಾಳೆ ಜಗಳನೂ ಇರಲ್ಲ ಅಂದ್ಕೊಂಡೆ."

ಯತೀಶ್ ತೊಟ್ಟಿಲ ಬಳಿ ಬಂದು ಕೂಸನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಹೆಸರೂ ಇಟ್ಯಾ?"

"ಸರ್ಟಿಫಿಕೇಟಿಗೆ ನೀವು ಹೇಳಿದ ಚಂದನಾನೇ ಇರಲಿ. ಕಿವೀಲಿ ಮಾತ್ರ ತೌಡಮ್ಮ ಅಂದೆ." ಅವಳು ತಂದೆಯ ಮುಖ ನೋಡಿದಳು. "ಆ ಹೆಸರಿಟ್ಕೊಂಡು ನೀವು ಅರವತ್ತೆರಡು ವರ್ಷ ಗಟ್ಟಿಯಾಗಿದೀರಲ್ಲ, ಅಪ್ಪ."

ಯತೀಶ್ ಬ್ಯಾಗು ಕೆಳಗಿಟ್ಟು ಚಪ್ಪಲಿ ಮೆಟ್ಟಿದ.

"ಎಲ್ಲಿಗೆ ಮೇಷ್ಟ್ರೇ?"

"ಬೆಟ್ಟಮ್ಮನ ಮನೆಗೆ. ಮೊರ ತರ್ತೀನಿ. ಅಜ್ಜಿ ನೀರು ಕುಡೀಲಿ."

"ಐದಾಯ್ತು ಕಣ್ಲಾ ತೌಡ, ನನ್ನ ಲಿಸ್ಟು," ಎಂದ ಮರಿಯಯ್ಯ.

ತೌಡಯ್ಯನಿಗೆ ಅದು ಕೇಳಿಸಲಿಲ್ಲ. ಕೂಸನ್ನು ಎದೆಗೆ ಎತ್ತಿಕೊಂಡು, ತಾನು ಜನ್ಮದಲ್ಲೇ ಜೋರಾಗಿ ಹೇಳಿಕೊಳ್ಳದಿದ್ದ ಆ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗಿದ:

"ತೌಡಮ್ಮಾ!"