ಮಣ್ಣಿನ ಮನೆಯ ಮುಯ್ಯಾಳು

"ಮೇಡಂ, ಮಣ್ಣು ತುಳಿಯಾಕತ್ತೀರೋ, ಮಣ್ಣಿನ ಕೂಡ ಜಗಳಾಡಾಕತ್ತೀರೋ?"

ಬೆನ್ನ ಹಿಂದಿನಿಂದ ಬಂದ ಗಂಡು ದನಿಗೆ ವಿದ್ಯಾಶ್ರೀ ಬೆಚ್ಚಿ ತಿರುಗಿದಳು. ತಿರುಗಿದ್ದು ಮೈ ಮಾತ್ರ! ಕೆಸರಲ್ಲಿ ಹೂತಿದ್ದ ಕಾಲು ಬರಲೇ ಇಲ್ಲ. ದೊಪ್ಪನೆ ಅಲ್ಲೇ ಕುಳಿತುಬಿಟ್ಟಳು.

ಬದುವಿನ ಮೇಲೆ ನಿಂತವನು ನಗಲಿಲ್ಲ. ನಗು ತಡೆಯಲು ಪಾಪ, ತುಟಿ ಕಚ್ಚಿಕೊಂಡು ಒದ್ದಾಡುತ್ತಿದ್ದ.

"ನಿಂತು ನೋಡಾಕತ್ತೀರಲ್ಲ, ಎಬ್ಬಸಬಾರದೇನ್ರಿ?"

"ಬೈತೀರೇನೋ ಅಂತ ಅಂಜಿ ನಿಂತೇನ್ರಿ..."

ಅವನು ಜಗದೀಶ, ಪಕ್ಕದ ಹೊಲದವನು. ಕೈ ಹಿಡಿದು ಎಬ್ಬಿಸಿದ. ಆ ಕೈಯನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಹಿಡಿದಿದ್ದೆನಲ್ಲ ಎಂದು ಆಮೇಲೆ ನೆನೆದು ನಾಚಿದವಳು ನಮ್ಮ ವಿದ್ಯಾಶ್ರೀಯೇ!

ಹಾನಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಈ ಹುಡುಗಿ ಹುಟ್ಟಿದಾಗಿನಿಂದ ಇದ್ದದ್ದು ಬಾಡಿಗೆ ಮನೆಗಳಲ್ಲಿ. ಗೋಡೆಗೊಂದು ಮೊಳೆ ಹೊಡೆಯಬೇಕೆಂದರೂ ಮಾಲಕರನ್ನು ಕೇಳಬೇಕು. ಅಪ್ಪ ತೀರಿಹೋದ ಮೇಲೆ ಅವ್ವನೊಂದಿಗೆ ಗಂಟುಮೂಟೆ ಹೊತ್ತು ಓಣಿ ಓಣಿ ತಿರುಗಿದ್ದಾಳೆ. ಕೊನೆಗೆ ದುಂಡಸಿಯ ಹತ್ತಿರ ಐದು ಗುಂಟೆ ಜಾಗ ಕೊಂಡು, ಸಿಮೆಂಟೇ ಬೇಡ, ಅದೇ ನೆಲದ ಮಣ್ಣಿನಲ್ಲಿ ನಾನೇ ಮನೆ ಕಟ್ಟುತ್ತೇನೆ ಎಂದು ಬೇಸಿಗೆ ರಜೆಗೆ ಬಂದು ಕೂತಿದ್ದಳು. ಹುಡುಗಿಗೆ ತಲೆ ಕೆಟ್ಟಿದೆ ಎಂದರು ನೆಂಟರು. ಅವ್ವ ಮಾತ್ರ ಮಗಳನ್ನು ನಂಬಿ, ಬಾಡಿಗೆ ಮನೆ ಬಿಡುತ್ತೇವೆಂದು ಮಾಲಕರಿಗೆ ಹೇಳಿಯೂಬಿಟ್ಟಿದ್ದಳು.

ಹಾಗಾಗಿ ಮಳೆಗಾಲಕ್ಕೆ ಮುಂಚೆ ಚಾವಣಿ ಏರಲೇಬೇಕು. ಏರದಿದ್ದರೆ? ತೆರೆದ ಮಣ್ಣಿನ ಗೋಡೆ ಒಂದೇ ದೊಡ್ಡ ಮಳೆಗೆ ಕರಗಿ ಹೋಗುತ್ತದೆ. ಮತ್ತೆ ಕಟ್ಟುವ ಶಕ್ತಿ ಅವಳಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕಣ್ಣುಜ್ಜಿಕೊಂಡು ನೋಡುತ್ತಾಳೆ... ಜಗದೀಶ ಜೋಡೆತ್ತು ಹೊಡೆದುಕೊಂಡು ಬರುತ್ತಿದ್ದಾನೆ! ಹಿಂದೆ ಅವನ ತಾಯಿ ಚೌಡವ್ವ, ಅವರ ಹಿಂದೆ ಅಕ್ಕಪಕ್ಕದ ಹೊಲದವರು.

"ನಾ ಯಾರನ್ನೂ ಕರದಿಲ್ಲಲ್ರಿ!"

"ಕರೀಬೇಕೇನವ್ವ? ಕಾಣಾಕತ್ತೈತಲ್ಲ ಕೆಲಸ," ಎಂದು ಚೌಡವ್ವ ಸೀರೆ ಎತ್ತಿಕಟ್ಟಿ ಕೆಸರಿಗಿಳಿದೇಬಿಟ್ಟಳು.

ಎತ್ತು ತುಳಿದವು, ಹೆಂಗಸರು ಉಂಡೆ ಮಾಡಿದರು, ಗೋಡೆ ಏರಿತು. ಭತ್ತದ ಹುಲ್ಲನ್ನು ಎಷ್ಟುದ್ದ ಕತ್ತರಿಸಿ ಮಣ್ಣಿಗೆ ಬೆರೆಸಬೇಕೆಂದು ವಿದ್ಯಾಶ್ರೀಗೂ ಜಗದೀಶನಿಗೂ ದಿನಾ ಜಟಾಪಟಿ! ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮಾತ್ರ ಅವನು ತನ್ನ ಪಾಲಿನ ಪುಂಡಿಪಲ್ಯೆಯನ್ನು ಸದ್ದಿಲ್ಲದೆ ಅವಳ ರೊಟ್ಟಿಗೆ ಸರಿಸುತ್ತಿದ್ದ. ಅವಳು ಕಂಡೂ ಕಾಣದವಳಂತೆ ತಿನ್ನುತ್ತಿದ್ದಳು. ಎದೆಯಲ್ಲಿ ಏನಾಗುತ್ತಿತ್ತೆಂದು ಕೇಳಬೇಡಿ, ಅವಳಿಗೇ ಗೊತ್ತಿರಲಿಲ್ಲ.

ಗೋಡೆ ಮುಗಿದ ಸಂಜೆ ಜಗದೀಶ ಕೈ ತೊಳೆಯುತ್ತ ಹೇಳಿದ.

"ನಾಡದು ನಮ್ಮ ಹೊಲದಾಗ ಗೋವಿನಜೋಳ ಬಿತ್ತಾಕತ್ತೇವ್ರಿ."

"ಹೌದ್ರಿ? ಚೊಲೋ ಆತು ಬಿಡ್ರಿ! ಭರ್ಜರಿ ಬೆಳಿ ಬರ್ಲಿ!"

ಮನಸಾರೆ ಹರಸಿದಳು. ಬಿತ್ತನೆಯ ದಿನ ಹಳೇ ಮನೆಯೊಂದರ ಹಂಚು ತರಲು ಹಂಸಭಾವಿಗೆ ಹೋದಳು. ದಾರಿಯಲ್ಲಿ ಅವನ ಹೊಲದ ಕಡೆ ನಗುತ್ತ ಕೈಯನ್ನೂ ಬೀಸಿದಳು, ಮಹಾರಾಯಿತಿ!

ಅಂದಿನಿಂದ ಜಗದೀಶ ಬರಲಿಲ್ಲ. ಚೌಡವ್ವನೂ ಬರಲಿಲ್ಲ. ಎದುರು ಸಿಕ್ಕರೆ ಅವನು ತಲೆ ತಗ್ಗಿಸಿ ಎತ್ತು ಹೊಡೆದುಕೊಂಡು ಹೋದ.

'ಕಣ್ಣಲ್ಲೇ ಎಲ್ಲ ಹೇಳಿಬಿಟ್ಟೆನಾ? ಅವನ ಕಣ್ಣಲ್ಲಿ ಹಗುರಾಗಿಬಿಟ್ಟೆನಾ?' ಎಂದು ಅವಳು ಕುದಿದಳು. ಬಡಿಗ ಶಂಭುಲಿಂಗ ತೊಲೆ, ರೀಪು ಕೂಡಿಸಿದ್ದ. ಹಂಚು ಏರಿಸಲು ಮಾತ್ರ ಜನವಿಲ್ಲ. ಯಾರನ್ನು ಕೇಳಿದರೂ, "ನೋಡೋಣ ತಗೋರಿ," ಅಷ್ಟೇ. ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಅತ್ತ ಅವ್ವನದು ದಿನಾ ಫೋನು. "ಮನಿ ನಿಂತೈತೇನವ್ವ?"

"ನಿಂತೈತವ್ವ..." ಎನ್ನುತ್ತ ಅವಳು ಮೋಡದ ಕಡೆ ನೋಡುತ್ತಿದ್ದಳು.

ಅವಳು ಒಬ್ಬಳೇ ಗೋಡೆಗೆ ಹೊದಿಸಲು ತಾಡಪತ್ರಿ ಎಳೆದಾಡುವುದನ್ನು ನೋಡಲಾಗದೆ ಕೊನೆಗೆ ಬಾಯಿ ಬಿಟ್ಟವಳು ಹತ್ತಿರದ ತೋಟದ ಸಾವಂತ್ರವ್ವ.

"ಮುಯ್ಯಿ ತೀರಸದಿದ್ರ ಯಾರು ಬರ್ತಾರವ್ವ?"

"ಮುಯ್ಯೀನಾ?"

"ಅಯ್ಯ ನನ ತಾಯಿ! ಅವರು ನಿನ್ನ ಕೆಲಸಕ್ಕ ಬಂದ್ರ ನೀನು ಅವರ ಕೆಲಸಕ್ಕ ಹೋಗೂದು. ಕೂಲಿ ಗೀಲಿ ಏನಿಲ್ಲ, ಆಳಿಗೆ ಆಳು. ಬಿತ್ತನಿ ಐತಿ ಅಂತ ಜಗದೀಶ ಬಂದು ಹೇಳಲಿಲ್ಲೇನು?"

"ಹೇಳಿದ್ರು... ನಾ ಒಳ್ಳೇದಾಗ್ಲಿ ಅಂದೆ..."

"ಬಾ ಅಂತ ಬಾಯಿ ಬಿಟ್ಟು ಕೇಳ್ತಾರೇನ ಹುಚ್ಚಿ? ಹೇಳಿದ್ದ ಕರದಂಗ! ನಿನ್ನ ನೆಚ್ಚಿ ಬ್ಯಾರೆ ಆಳು ಹೇಳಿರಲಿಲ್ಲ ಅವ. ಒಂದಾಳು ಕಡಿಮಿ ಬಿದ್ದು ಹೊಲದಾಗ ಒಂದು ಪಟ್ಟಿ ಬಿತ್ತದ ಹಂಗ ಉಳದೈತಿ."

ಭೂಮಿ ಬಾಯಿಬಿಡಬಾರದೇ ಎನಿಸಿತು ವಿದ್ಯಾಶ್ರೀಗೆ. ಕೈ ಬೀಸಿದ್ದು ನೆನಪಾಗಿ ಕಿವಿ ಬಿಸಿಯಾದವು. ಆದರೆ ಆ ನಾಚಿಕೆಯ ಅಡಿಯಲ್ಲಿ ಇನ್ನೊಂದು ಮಾತೂ ಮಿಣುಕಿತು. 'ಹಾಗಾದರೆ... ನನ್ನನ್ನು ಕಂಡರೆ ಆಗದೆ ದೂರ ಹೋದದ್ದಲ್ಲ!'

ಬೆಳಗಾಗುತ್ತಲೇ ಅವಳು ಅವನ ಹೊಲದಲ್ಲಿದ್ದಳು. ಸೆರಗು ಸೊಂಟಕ್ಕೆ ಕಟ್ಟಿ, ಚೌಡವ್ವನ ಮುಂದೆ ಮಡಿಲು ಒಡ್ಡಿದಳು.

"ಕಾಳು ಹಾಕ್ರಿ ಅತ್ತಿ."

ಚೌಡವ್ವ ಒಮ್ಮೆ ದಿಟ್ಟಿಸಿದಳು. ಮಡಿಲು ತುಂಬ ಕಾಳು ಸುರಿದಳು.

ಮುಂದೆ ಜಗದೀಶ ನೇಗಿಲು ಹೊಡೆದ, ಹಿಂದೆ ಇವಳು ಸಾಲಿಗೆ ಕಾಳು ಉದುರಿಸುತ್ತ ನಡೆದಳು. ಬಿಸಿಲೇರಿತು, ನಡು ಬಿದ್ದುಹೋಯಿತು. ಆ ಪಟ್ಟಿ ಮುಗಿಯುವವರೆಗೂ ಅವಳು ಕೂರಲಿಲ್ಲ.

"ನಮ್ಮ ಹೊಲದಾಗ ಕಾಲಿಡೂದು ನಿಮಗ ಸಣ್ಣತನ ಅನಿಸ್ತು ಅಂತ ತಿಳಕೊಂಡಿದ್ದೆ," ಎಂದ ಜಗದೀಶ, ಎತ್ತಿನ ಕೊರಳಿನ ನೊಗ ಬಿಚ್ಚುತ್ತ.

"ನನಗ ಗೊತ್ತಿರಲಿಲ್ರೀ! ಖರೇನ ಗೊತ್ತಿರಲಿಲ್ಲ... ಒಂದ ಮಾತು ಬೈಬೇಕಿತ್ತು. ಸುಮ್ಮನ ಹೋದ್ರಲ್ಲ, ಅದ ಭಾಳ ನೋವಾತು!"

ಅಳು ಉಕ್ಕಿತು. ಅವನು ಗಾಬರಿಯಾಗಿ ಹೆಗಲ ಟವೆಲ್ಲು ಚಾಚಿದ. ಅದರ ತುಂಬ ಮಣ್ಣು! ಒರೆಸಿಕೊಂಡವಳ ಮುಖ ನೋಡಿ ಚೌಡವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಹಂಚಿನ ರಾಶಿಯಿಂದ ಏಣಿಯವರೆಗೆ ಜನರ ಸಾಲು. ಕೈಯಿಂದ ಕೈಗೆ ಹಂಚು ಓಡಿತು. ಮೇಲೆ ಶಂಭುಲಿಂಗನ ಜೊತೆ ಜಗದೀಶ. ಮಧ್ಯಾಹ್ನಕ್ಕೇ ಗಾಳಿ ಎದ್ದಿತು, ಗುಡುಗು ಹೊರಳಿತು.

"ಇಳೀರಿ ಜಗದೀಶ! ಸಾಕು, ಇಳೀರಿ!"

"ಒಂದ ಸಾಲು ಉಳದೈತ್ರಿ! ಕೊಡ್ರಿ ಲಗೂನ!"

ಕೊನೆಯ ಹಂಚು ಕೂತಿತು. ಅವನು ಜಿಗಿದು ಒಳಗೆ ಬಂದ ಹಿಂದೆಯೇ ಧೋ ಎಂದು ಸುರಿಯಿತು ನೋಡಿ!

ಎಲ್ಲರೂ ಒಳಗೆ ಒತ್ತಿಕೊಂಡು ನಿಂತು ಮೇಲೆ ನೋಡಿದರು. ವಿದ್ಯಾಶ್ರೀ ಗೋಡೆ ಸವರಿದಳು. ಒಣಗಿತ್ತು. ಮತ್ತೊಂದು ಗೋಡೆಯೂ ಒಣಗಿತ್ತು! ಅವ್ವನಿಗೆ ಫೋನು ಹಚ್ಚಿದಳು.

"ಅವ್ವಾ... ಸೋರಲಿಲ್ಲವ್ವ! ಮನಿ ನಿಂತೈತಿ!"

ಅತ್ತಲಿಂದ ಅವ್ವನ ಅಳು ಕೇಳಿಸಿತು. ಎದೆಯ ಮೇಲಿನ ಬಂಡೆ ಇಳಿದಂತಾಗಿ ವಿದ್ಯಾಶ್ರೀ ಅಲ್ಲೇ ನೆಲಕ್ಕೆ ಕುಳಿತಳು.

ಮಳೆ ನಿಂತು ಎಲ್ಲರೂ ಹೊರಟರು. ಜಗದೀಶ ಮಾತ್ರ ಬಾಗಿಲ ಹೊರಗೆ ನಿಂತಿದ್ದ.

"ಇವತ್ತಿನ ಮುಯ್ಯಿ ಬಾಕಿ ಐತ್ರಿ. ನಿಮ್ಮ ಹೊಲಕ್ಕ ಯಾವತ್ತು ಬರ್ಲಿ?" ಕೇಳಿದಳು.

"ಬರೂದು ಬ್ಯಾಡ್ರಿ."

ಅವಳ ಮುಖ ಬಾಡಿತು. "ಯಾಕ್ರಿ... ಇನ್ನೂ ಸಿಟ್ಟೇನು?"

"ಅಲ್ರಿ..." ಅವನು ಹೆಗಲ ಟವೆಲ್ಲು ಹಿಂಡಿದ. "ಒಂದ ಮನ್ಯಾಗ ಇರೋರ ನಡುವ ಮುಯ್ಯಿ ಇರೂದಿಲ್ಲ. ನಿಮ್ಮವ್ವನ ಕೂಡ ಮಾತಾಡಾಕ ನಮ್ಮವ್ವನ್ನ ಕಳಸ್ಲೇನ್ರಿ?"

ಹಂಚಿನಂಚಿನಿಂದ ಅವನ ತಲೆಯ ಮೇಲೆ ಹನಿ ತೊಟ್ಟಿಕ್ಕುತ್ತಿದ್ದವು. ವಿದ್ಯಾಶ್ರೀಯ ಕಣ್ಣಿನಿಂದಲೂ. ಆದರೆ ತುಟಿಯಲ್ಲಿ ತುಂಟತನ.

"ಒಂದ ಮನಿ ಅಂದ್ರ ಯಾವ ಮನೀರಿ? ನಿಮ್ದೋ, ನಂದೋ?"

"ನಮ್ದು ಸೋರತೈತ್ರಿ," ಎಂದ ಜಗದೀಶ ಪ್ರಾಮಾಣಿಕವಾಗಿ.

ಅವಳು ನಕ್ಕುಬಿಟ್ಟಳು. ನಗುತ್ತಲೇ ಅವನ ತೋಳು ಹಿಡಿದು ಎಳೆದಳು.

"ಹಂಗಾರ ಒಳಗ ಬಾ. ಅಲ್ಲ್ಯಾಕ ತೊಯ್ಕೊಂತ ನಿಂತಿ?"