ಮೊರದೊಳಗೆ ಬಿದ್ದ ಫೋನುಗಳು

“ಇನ್ನೊಂದ್ಸಲ ಓದು,” ಎಂದರು ಅಜ್ಜಿ ಮುನಿವೆಂಕಟಮ್ಮ.

ಅರ್ಪಿತ ಅಜ್ಜಿಯ ಫೋನಿಗೆ ಬಂದ ಮೆಸೇಜನ್ನು ಮತ್ತೆ ಓದಿದಳು. “ಇಂಟರ್ನೆಟ್ ಕಂಪನಿಯಿಂದ ಬಂದಿದೆ ಅಜ್ಜಿ. ನಿಮ್ಮ ವೈಫೈನಲ್ಲಿ ಯಾರೋ ಹೊಸ ಸಿನಿಮಾ ಕದ್ದು ಡೌನ್‌ಲೋಡ್ ಮಾಡಿ, ಬೇರೆಯವ್ರಿಗೂ ಹಂಚ್ತಿದ್ದಾರಂತೆ. ಇನ್ನೊಂದ್ಸಲ ಮಾಡಿದ್ರೆ ಕನೆಕ್ಷನ್ ಕಟ್.”

“ನನ್ನ ಹೆಸರಿಗೆ ಕಳ್ಳತನದ ಮಾತು ಬಂತಲ್ಲೇ,” ಅಜ್ಜಿ ಕುಸಿದು ಕೂತರು.

ಸಾರಕ್ಕಿಯ ಆ ಮೂರಂತಸ್ತಿನ ಮನೆಗೆ ಅಜ್ಜಿಯೇ ಓನರ್. ವೈಫೈ ಕೂಡ ಅವರ ಹೆಸರಿನಲ್ಲೇ ಇತ್ತು. ಕರಿಬೇವಾಗಲಿ, ಬೋರ್‌ವೆಲ್ ನೀರಾಗಲಿ, ವೈಫೈ ಆಗಲಿ, ಕೇಳಿದವರಿಗೆ ಇಲ್ಲ ಅನ್ನುವುದೇ ಅವರಿಗೆ ಗೊತ್ತಿಲ್ಲ. ಪಾಸ್‌ವರ್ಡನ್ನಂತೂ ಮೆಟ್ಟಿಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಸಿಬಿಟ್ಟಿದ್ದರು.

“ಮೇಲಿನ ರೂಮಿನ ಭಾರ್ಗವನೇ ಇರ್ಬೇಕು,” ಎಂದರು ಅಪ್ಪ ಶಶಿಧರ್. “ಬ್ಯಾಚುಲರ್. ಯಾವಾಗ್ಲೂ ಲ್ಯಾಪ್‌ಟಾಪ್ ಮುಂದೆ ಇರ್ತಾನೆ.”

“ಅವ್ನೇ ಆಗಿದ್ರೆ ಈ ತಿಂಗ್ಳೇ ರೂಮ್ ಖಾಲಿ ಮಾಡ್ಲಿ,” ಎಂದರು ಅಜ್ಜಿ.

ಭಾರ್ಗವಣ್ಣ ಹೋದರೆ ಅರ್ಪಿತಳಿಗೆ ಚೆಸ್ ಹೇಳಿಕೊಡುವವರು ಯಾರು? ಇನ್ನೂ ಒಂದು ಸಲವೂ ಅವನನ್ನು ಸೋಲಿಸಿಲ್ಲ ಬೇರೆ.

ಅಜ್ಜಿ ರಾಗಿ ಕೇರುವ ಮೊರ ತಂದು ಜಗಲಿಯ ಮೇಲಿಟ್ಟರು. “ಎಲ್ಲಾರೂ ಫೋನ್ ಇದ್ರಾಗೆ ಹಾಕ್ರಪ್ಪ. ಶಶಿ, ನೀನೇ ತೆಗ್ದು ನೋಡು.”

ಅಪ್ಪ ತಮ್ಮದನ್ನೇ ಮೊದಲು ಹಾಕಿ ದೊಡ್ಡಸ್ತಿಕೆ ಮೆರೆದರು. ಕೆಳಮನೆಯ ಬಾಡಿಗೆಯವರೂ ಹಾಕಿದರು. ಅರ್ಪಿತ ತನ್ನ ಟ್ಯಾಬನ್ನು ಎಲ್ಲದರ ಮೇಲಿಟ್ಟಳು. ಅಪ್ಪ ಅದನ್ನೇ ಮೊದಲು ತೆಗೆದರು. ಗೆಳತಿಗೆಂದು ಬರೆದು, ಕಳಿಸದೆ ಇಟ್ಟಿದ್ದ ಮೆಸೇಜು ಕಣ್ಣಿಗೆ ಬಿತ್ತು.

“‘ಸಾರಿ ಕಣೇ ಶುಭಾ. ನೀನು ಮಾತಾಡ್ದೆ ಇದ್ರೆ ನಂಗೆ ಊಟಾನೇ ಸೇರಲ್ಲ.’ ಅಬ್ಬಬ್ಬಾ, ಏನ್ ಡೈಲಾಗು!”

ಎಲ್ಲರೂ ಗೊಳ್ಳೆಂದು ನಕ್ಕರು. ಅರ್ಪಿತಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾಚಿಕೆ, ಸಿಟ್ಟು, ಅಳು ಎಲ್ಲ ಒಟ್ಟಿಗೇ ಬಂದವು.

ಅಷ್ಟರಲ್ಲಿ ಭಾರ್ಗವ ಮೆಟ್ಟಿಲಿಳಿದು ಬಂದ. ಅಜ್ಜಿ ವಿಷಯ ಹೇಳಿ ಮೊರ ತೋರಿಸಿದರು.

“ನಾನು ಸಿನಿಮಾ ಕದ್ದಿಲ್ಲ ಅಜ್ಜಿ. ಆದ್ರೆ ಫೋನ್ ಕೊಡಲ್ಲ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ,” ಎಂದರು ಅಪ್ಪ. “ತಪ್ಪು ಮಾಡಿಲ್ಲ ಅಂದ್ಮೇಲೆ ಮುಚ್ಚಿಡೋಕೆ ಏನಿದೆ?”

ಸ್ವಲ್ಪ ಹೊತ್ತಿನ ಮುಂಚೆ ಆಗಿದ್ದರೆ ಅರ್ಪಿತಳೂ ಹಾಗೇ ಕೇಳುತ್ತಿದ್ದಳು. ಈಗ ಅಪ್ಪನ ಕೈಯಿಂದ ಟ್ಯಾಬ್ ಕಿತ್ತುಕೊಂಡು ಭಾರ್ಗವನ ಪಕ್ಕ ಹೋಗಿ ನಿಂತಳು. “ನಂದೂ ಕೊಡಲ್ಲ.”

ಟಿಂಗ್ ಎಂದು ಮೊರದೊಳಗೆ ಒಂದು ಫೋನು ಬೆಳಗಿತು. ಅರ್ಪಿತ ಬಗ್ಗಿ ನೋಡಿದಳು.

“ಸಿನಿಮಾ ಡೌನ್‌ಲೋಡ್ ಆಯ್ತಂತೆ. ಈಗ ಬೇರೆಯವ್ರಿಗೆ ಹಂಚ್ತಾ ಇದ್ಯಂತೆ. ಅಪ್ಪ, ಇದು ನಿಮ್ ಫೋನು.”

ಅಪ್ಪ ಹುಳ್ಳಗೆ ನಕ್ಕರು. “ಫ್ರೆಂಡ್ ಒಬ್ಬ ಆ್ಯಪ್ ಹಾಕ್ಕೊಟ್ಟ. ಫ್ರೀ ಅಂದ. ಅದು ಊರಿಗೆಲ್ಲಾ ಹಂಚುತ್ತೆ ಅಂತ ನಂಗೇನ್ ಗೊತ್ತು?”

“ಭಾರ್ಗವ, ತಪ್ಪಾಯ್ತಪ್ಪ. ನೀನೆಲ್ಲೂ ಹೋಗ್ಬೇಡ,” ಎಂದ ಅಜ್ಜಿ ಮೊಮ್ಮಗಳತ್ತ ತಿರುಗಿದರು. “ಅರ್ಪಿ, ಎತ್ಕೊ ಆ ಫೋನ್ನ. ಅದ್ರಾಗೆ ಇನ್ನೇನೇನ್ ಐತೋ ಜೋರಾಗಿ ಓದು. ಎಲ್ಲಾರೂ ಕೇಳ್ಲಿ.”

ಎಲ್ಲರೂ ಹತ್ತಿರ ಸರಿದರು. ಅಪ್ಪನ ಕಿವಿ ಕೆಂಪಾಗಿತ್ತು.

ಅರ್ಪಿತ ಫೋನ್ ಎತ್ತಿಕೊಂಡಳು. ಓದಿಬಿಡಬೇಕೆಂದು ತುಂಬಾ ಆಸೆಯಾಯಿತು. ಆಮೇಲೆ ಅದನ್ನು ಮಗುಚಿ ಅಪ್ಪನ ಕೈಯಲ್ಲಿಟ್ಟಳು.

“ಬೇಡ ಅಜ್ಜಿ,” ಎಂದಳು. “ಅಷ್ಟು ಸಾಕು.”